ಓದುಗರ ಪ್ರಶ್ನೆ, ನಮ್ಮ ಉತ್ತರ: ಹವಳದ ತೊಟ್ಟಿಯಲ್ಲಿ ಮಿತಿಮೀರಿದ ಪೋಷಕಾಂಶ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಹವಳ ಸಾಕುತ್ತಿರುವ ಓದುಗರು ಈ ಬಾರಿ ಬರೆದ ಪತ್ರಗಳಲ್ಲಿ ಹೆಚ್ಚಿನವು ಪಾಚಿ, ನೈಟ್ರೇಟ್ ಮತ್ತು ಫಾಸ್ಫೇಟ್‌ಗೆ ಸಂಬಂಧಿಸಿದವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನದು 300 ಲೀಟರ್ ತೊಟ್ಟಿ, ಆರಂಭಿಸಿ 14 ತಿಂಗಳಾಯಿತು. ಎರಡು ಕ್ಲೌನ್ ಮೀನು, ಆರು ಕ್ರೋಮಿಸ್, ಕೆಲವು ಜೊಯಾಂಥಿಡ್ ಮತ್ತು ಅಣಬೆ ಹವಳಗಳಿವೆ. ಕಳೆದ ನಾಲ್ಕು ತಿಂಗಳಿನಿಂದ ಕಲ್ಲುಗಳ ಮೇಲೆ ಹಸಿರು ಕೂದಲಿನಂಥ ಪಾಚಿ ಬೆಳೆದು ಹವಳಗಳನ್ನು ಮುಚ್ಚುತ್ತಿದೆ. ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ 0.35 ಪಿಪಿಎಂ ತೋರಿಸುತ್ತಿದೆ. ವಾರಕ್ಕೆ ಶೇ. 10ರಷ್ಟು ನೀರು ಬದಲಿಸಿದರೂ ಅಂಕಿ ಇಳಿಯುತ್ತಿಲ್ಲ. ಬೋರ್‌ವೆಲ್ ನೀರನ್ನು ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿ ಬಳಸುತ್ತೇನೆ. ಅದರ ಟಿಡಿಎಸ್ (ನೀರಿನಲ್ಲಿ ಕರಗಿದ ಘನವಸ್ತುಗಳ ಪ್ರಮಾಣ) 80 ಇದೆ. ಪಾಚಿಯನ್ನು ಕೊಲ್ಲಲು ಯಾವ ಔಷಧಿ ಹಾಕಬೇಕು? (ಬೆಂಗಳೂರಿನ ಓದುಗರು)

ಉತ್ತರ: ದಯವಿಟ್ಟು ಸದ್ಯಕ್ಕೆ ಯಾವ ಔಷಧಿಯನ್ನೂ ಹಾಕಬೇಡಿ. ಇಷ್ಟು ದಟ್ಟವಾಗಿ ಬೆಳೆದ ಪಾಚಿ ಒಮ್ಮೆಲೇ ಸತ್ತರೆ, ಅದು ಹೀರಿಕೊಂಡಿದ್ದ ನೈಟ್ರೋಜನ್ ಮತ್ತು ಫಾಸ್ಫರಸ್ ಕೊಳೆತು ಮತ್ತೆ ನೀರಿಗೇ ಸೇರುತ್ತವೆ. ಕೊಳೆಯುವಾಗ ನೀರಿನ ಆಮ್ಲಜನಕವೂ ಕುಸಿಯುತ್ತದೆ. ನಿಮ್ಮ ತೊಟ್ಟಿಗೆ ಬಂದಿರುವುದು ರೋಗವಲ್ಲ. ಒಳಗೆ ಬರುತ್ತಿರುವಷ್ಟು ಹೊರಗೆ ಹೋಗುತ್ತಿಲ್ಲ, ಅಷ್ಟೇ. ಮನೆಯ ಆಯವ್ಯಯವನ್ನು ಲೆಕ್ಕ ಹಾಕುವಂತೆ ಇದನ್ನೂ ಕೂತು ಲೆಕ್ಕ ಹಾಕಿದರೆ ತಪ್ಪು ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ.

ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ನೈಟ್ರೇಟ್ 40ರಲ್ಲಿ ನಿಂತಿರುವಾಗ ಶೇ. 10ರಷ್ಟು ನೀರು ತೆಗೆದರೆ 4 ಪಿಪಿಎಂ ಹೊರಹೋಗುತ್ತದೆ. ಆದರೂ ಅಂಕಿ ಇಳಿಯುತ್ತಿಲ್ಲವೆಂದರೆ ವಾರದಲ್ಲಿ ಅಷ್ಟೇ 4 ಪಿಪಿಎಂ ಹೊಸದಾಗಿ ಸೇರುತ್ತಿದೆ ಎಂದರ್ಥ. ಇದರಲ್ಲಿ ಎಲ್ಲವೂ ಮೀನಿನ ಆಹಾರದಿಂದಲೇ ಬರುತ್ತಿದೆ ಎಂದು ನಾನು ಭಾವಿಸುವುದಿಲ್ಲ. ಟಿಡಿಎಸ್ 80 ಎಂಬ ನಿಮ್ಮ ಮಾತು ಓದಿದಾಗಲೇ ನನಗೆ ನೀರಿನ ಮೇಲೆ ಅನುಮಾನ ಹುಟ್ಟಿತು. ಕುಡಿಯುವ ನೀರಿಗೆಂದು ತಯಾರಿಸಿದ ಆರ್‌ಒ ಯಂತ್ರಗಳಲ್ಲಿ ಹಲವು, ರುಚಿಗಾಗಿ, ಶುದ್ಧೀಕರಿಸಿದ ನೀರಿಗೆ ಒಂದಿಷ್ಟು ಮೂಲ ನೀರನ್ನೇ ಬೆರೆಸಿ ಕೊಡುತ್ತವೆ. ಕುಡಿಯುವವರಿಗೆ ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಆದರೆ ರಾಜ್ಯದ ಅನೇಕ ಕಡೆ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಹೆಚ್ಚಿದ್ದು, ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿರುವ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನೂ ಅದು ದಾಟಿರುತ್ತದೆ. ಅದರ ಪಾಲು ನಿಮ್ಮ ತೊಟ್ಟಿಗೂ ಬರುತ್ತಿರಬಹುದು.

ಆರ್‌ಒ ನೀರಿನಲ್ಲಿ 15 ಪಿಪಿಎಂ ನೈಟ್ರೇಟ್ ಇದೆ ಎಂದಿಟ್ಟುಕೊಳ್ಳಿ. ವಾರಕ್ಕೆ ಬದಲಿಸುವ 30 ಲೀಟರ್‌ನಿಂದ 450 ಮಿಲಿಗ್ರಾಂ, ಅಂದರೆ ಇಡೀ ತೊಟ್ಟಿಗೆ 1.5 ಪಿಪಿಎಂ ಸೇರುತ್ತದೆ. ಆವಿಯಾಗಿ ಹೋದ ನೀರನ್ನು ತುಂಬಿಸಲು ದಿನಕ್ಕೆ 3 ಲೀಟರ್ ಸುರಿಯುತ್ತಿದ್ದರೆ ಅದರಿಂದ ವಾರಕ್ಕೆ ಇನ್ನೊಂದು ಪಿಪಿಎಂ ಸೇರುತ್ತದೆ. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಹಿಂದೆಯೇ ಉಳಿಯುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಹೀಗೆ ನಾಲ್ಕರಲ್ಲಿ ಎರಡೂವರೆ ಪಾಲು ನೀರಿನಿಂದಲೇ ಬಂದಂತಾಯಿತು. ಇದು ನಾನು ಊಹಿಸಿ ಕೊಟ್ಟ ಉದಾಹರಣೆ. ನಿಜವಾದ ಅಂಕಿ ತಿಳಿಯಲು ತೊಟ್ಟಿಯ ನೀರನ್ನು ಪರೀಕ್ಷಿಸುವ ಕಿಟ್‌ನಿಂದಲೇ ನಿಮ್ಮ ಆರ್‌ಒ ನೀರನ್ನು ಇಂದೇ ಪರೀಕ್ಷಿಸಿ. ಮೂಲ ನೀರು ಬೆರೆಸುವ ತಿರುಪನ್ನು ತಂತ್ರಜ್ಞರಿಂದ ಪೂರ್ತಿ ಮುಚ್ಚಿಸಿ, ಅಕ್ವೇರಿಯಂಗೆ ಹೋಗುವ ಕೊಳವೆಗೆ, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್‌ನ ಪ್ರತ್ಯೇಕ ಹಂತವನ್ನು ಜೋಡಿಸಿ, ಟಿಡಿಎಸ್ ಸೊನ್ನೆ ಬರುವವರೆಗೂ ಆ ನೀರಿಗೆ ಉಪ್ಪು ಬೆರೆಸಬೇಡಿ. ಡಿಐ ಹಂತ ದಾಟಿದ ನೀರನ್ನು ಕುಡಿಯಲು ಬಳಸುವುದು ಬೇಡ.

ಮೇಲಿನ ಉದಾಹರಣೆಯಂತೆಯೇ ಇದ್ದರೆ, ನೀರು ಶುದ್ಧವಾದೊಡನೆ ನೈಟ್ರೇಟ್ ಕ್ರಮೇಣ 15ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದರೆ ವಾರಕ್ಕೆ ಶೇ. 10ರ ಬದಲಾವಣೆಯಲ್ಲಿ 20ಕ್ಕೆ ಇಳಿಯಲೇ ಮೂರು ತಿಂಗಳಿಗಿಂತ ಹೆಚ್ಚು ಬೇಕಾಗುವುದರಿಂದ, ಮೊದಲ ಐದಾರು ವಾರ ಶೇ. 20ರಷ್ಟು ಬದಲಿಸುವುದು ಒಳ್ಳೆಯದು.

ಇನ್ನು ಆಹಾರದ ವಿಷಯ. ಎಷ್ಟು ಸಲ ಹಾಕುತ್ತೀರಿ, ಏನು ಹಾಕುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಹೆಪ್ಪುಗಟ್ಟಿಸಿದ ಮೈಸಿಸ್ ಅಥವಾ ಸೀಗಡಿಯ ತುಂಡನ್ನು ನೇರವಾಗಿ ತೊಟ್ಟಿಗೆ ಹಾಕುತ್ತಿದ್ದರೆ ಒಮ್ಮೆ ಹೀಗೆ ಮಾಡಿ ನೋಡಿ: ಒಂದು ಲೋಟದ ಮೇಲೆ ಚಹಾ ಸೋಸುವ ಜಾಲರಿ ಇಟ್ಟು, ಅದರಲ್ಲಿ ತುಂಡನ್ನು ಕರಗಿಸಿ, ಸ್ವಲ್ಪ ಆರ್‌ಒ ನೀರು ಹೊಯ್ಯಿರಿ. ಜಾಲರಿಯಲ್ಲಿ ಮೀನು ತಿನ್ನುವ ಭಾಗ ಉಳಿಯುತ್ತದೆ. ಕೆಳಗೆ ಲೋಟದಲ್ಲಿ ತೆಳು ಮಜ್ಜಿಗೆಯ ಬಣ್ಣದ, ಮೇಲೆ ಸಣ್ಣ ಎಣ್ಣೆಯ ಕಣ್ಣುಗಳು ತೇಲುವ ನೀರು ನಿಲ್ಲುತ್ತದೆ. ಆ ನೀರನ್ನು ಯಾವ ಮೀನೂ ತಿನ್ನುವುದಿಲ್ಲ, ಅದು ಸೀದಾ ಪಾಚಿಗೆ ಹೋಗುತ್ತದೆ. ನಿಮ್ಮ ಎಂಟು ಮೀನುಗಳಿಗೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಹಾಕಿದರೆ ಸಾಕು. ಉಪವಾಸ ಕೆಡವುವ ಅಗತ್ಯವಿಲ್ಲ. ಮೀನು ತಿನ್ನದೆ ಬಿಟ್ಟದ್ದು ಕೊಳೆತು ಅಮೋನಿಯ, ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ಅದೇ ಆಹಾರದ ಫಾಸ್ಫರಸ್ ಫಾಸ್ಫೇಟ್ ಆಗುತ್ತದೆ.

ಫಾಸ್ಫೇಟ್‌ನ ವಿಷಯದಲ್ಲಿ ನಿಮಗೆ ಹೆಚ್ಚು ತಾಳ್ಮೆ ಬೇಕಾಗುತ್ತದೆ. ನಿಮ್ಮ ಕಲ್ಲು ಮತ್ತು ಮರಳು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದಾದವು. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಷ್ಟು ದಿನ ಅವು ಅದನ್ನು ತಮ್ಮ ಮೈಗೆ ಅಂಟಿಸಿಕೊಂಡು, ನೀರಿನಲ್ಲಿ ಕಡಿಮೆಯಾದಾಗ ಮರಳಿ ಬಿಡುತ್ತವೆ. ಆದ್ದರಿಂದಲೇ ಫಾಸ್ಫೇಟ್ ಹೀರುವ ಫೆರಿಕ್ ಆಕ್ಸೈಡ್ ಹರಳುಗಳನ್ನು ಹಾಕಿದ ಮೂರು ದಿನಕ್ಕೆ 0.10ಕ್ಕೆ ಇಳಿದ ಅಂಕಿ ಹತ್ತು ದಿನದಲ್ಲಿ ಮತ್ತೆ 0.25ಕ್ಕೆ ಏರಿದರೆ ಅದು ಹರಳಿನ ದೋಷವಲ್ಲ, ಕಲ್ಲಿನ ಹಳೆಯ ಸಾಲ ತೀರುತ್ತಿದೆ ಎಂದು ತಿಳಿಯಬೇಕು. ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಆರಂಭಿಸಿ, ಕಂದು ಪುಡಿ ಹೋಗುವವರೆಗೆ ಚೆನ್ನಾಗಿ ತೊಳೆದು ಬಳಸಿ, ಹರಳು ತುಂಬಿ ನೀರು ಹರಿಸುವ ಪಾತ್ರೆಯಾದ ರಿಯಾಕ್ಟರ್‌ನಿಂದ ಹೊರಬರುವ ನೀರಿನ ಫಾಸ್ಫೇಟ್ ಒಳಹೋಗುವ ನೀರಿನಷ್ಟೇ ಆದಾಗ ಹರಳನ್ನು ಬದಲಿಸಿ. ಒಂದೇ ವಾರದಲ್ಲಿ ತಳಕ್ಕಿಳಿಸುವ ಪ್ರಯತ್ನ ಬೇಡ. ಪಾಚಿಗಿಂತ ಮೊದಲು ಹವಳವೇ ಸೊರಗುತ್ತದೆ.

ಸಮುದ್ರದಲ್ಲೂ ಇದೇ ನಡೆದಿದೆ. ಹವಾಯಿಯ ಕನೆಯೊಹೆ ಕೊಲ್ಲಿಗೆ ದಶಕಗಳ ಕಾಲ ಚರಂಡಿ ನೀರು ಹರಿದು, ಹಸಿರು ಗುಳ್ಳೆಯಂಥ ಒಂದು ಪಾಚಿ ಹವಳದ ದಿಬ್ಬಗಳನ್ನು ಮುಚ್ಚಿಹಾಕಿತ್ತು. 1977-78ರಲ್ಲಿ ಚರಂಡಿಯನ್ನು ಹೊರಸಮುದ್ರಕ್ಕೆ ತಿರುಗಿಸಿದ ಮೇಲೆ ಪಾಚಿ ಗಣನೀಯವಾಗಿ ಕುಗ್ಗಿತು, ಆದರೆ ಪೂರ್ತಿ ಹೋಗದೆ ಮುಂದೆಯೂ ದಶಕಗಳ ಕಾಲ ಅಲ್ಲಲ್ಲಿ ಉಳಿದುಕೊಂಡಿತ್ತು. ಅದಕ್ಕೆ ಹೋಲಿಸಿದರೆ ನಿಮ್ಮ 300 ಲೀಟರ್ ನಿಮ್ಮ ಕೈಯಲ್ಲೇ ಇದೆ, ನಾಲ್ಕೈದು ತಿಂಗಳಲ್ಲಿ ಸರಿಹೋಗುತ್ತದೆ.

ಈ ನಡುವೆ ಪಾಚಿಯನ್ನು ಕೈಯಿಂದ ಕೀಳುವುದನ್ನು ನಿಲ್ಲಿಸಬೇಡಿ. ನೀರು ಬದಲಿಸುವ ದಿನ, ತೆಗೆದ ನೀರನ್ನೇ ಬಕೆಟ್‌ನಲ್ಲಿಟ್ಟುಕೊಂಡು, ಹವಳವಿಲ್ಲದ ಕಲ್ಲುಗಳನ್ನು ಒಂದೊಂದಾಗಿ ಅದರಲ್ಲಿ ಮುಳುಗಿಸಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಿತ್ತ ಒಂದೊಂದು ಹಿಡಿ ಪಾಚಿಯೂ ತೊಟ್ಟಿಯಿಂದ ಶಾಶ್ವತವಾಗಿ ಹೊರಹೋದ ನೈಟ್ರೇಟ್ ಮತ್ತು ಫಾಸ್ಫೇಟ್. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಿಮ್ಮಲ್ಲಿರುವ ಜೊಯಾಂಥಿಡ್‌ಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ. ಅವಿರುವ ಕಲ್ಲನ್ನು ಗಾಳಿಯಲ್ಲಿ ಉಜ್ಜಬೇಡಿ, ಬಿಸಿನೀರು ಹೊಯ್ಯಬೇಡಿ, ಕುದಿಸುವುದಂತೂ ಬೇಡವೇ ಬೇಡ. ಕೈಗವಸು ಮತ್ತು ಕನ್ನಡಕ ಧರಿಸದೆ ಮುಟ್ಟಲೂ ಬೇಡಿ.

ಕೊಳೆಯನ್ನು ನೊರೆಯೊಂದಿಗೆ ಹೊರತೆಗೆಯುವ ಸ್ಕಿಮ್ಮರ್‌ನ ಬಟ್ಟಲನ್ನೂ ಅದರ ಕುತ್ತಿಗೆಯನ್ನೂ ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ. ಕುತ್ತಿಗೆಯಲ್ಲಿ ಜಿಡ್ಡು ಕಟ್ಟಿದರೆ ನೊರೆ ಮೇಲೇರುವುದಿಲ್ಲ. ನೀರು ಸೋಸುವ ಚೀಲವಾದ ಫಿಲ್ಟರ್ ಸಾಕ್‌ಗೂ ಇದೇ ಮಾತು, ಅದರಲ್ಲಿ ಸಿಕ್ಕಿದ ಕಸ ಅಲ್ಲೇ ಕೊಳೆತರೆ ಸಾಕ್ ಇದ್ದೂ ಪ್ರಯೋಜನವಿಲ್ಲ. ಸಂಪ್‌ನಲ್ಲಿ (ತೊಟ್ಟಿಗೆ ಜೋಡಿಸಿದ ಉಪತೊಟ್ಟಿಯಲ್ಲಿ) ಜಾಗವಿದ್ದರೆ ಕೀಟೊಮಾರ್ಫಾ ಪಾಚಿಯ ಒಂದು ಉಂಡೆಯನ್ನು ಹಾಕಿ, ತೊಟ್ಟಿಯ ದೀಪ ಆರಿರುವ ಹೊತ್ತಿನಲ್ಲಿ ಅದಕ್ಕೆ ದೀಪ ಹಚ್ಚಿ, ಬೆಳೆದಷ್ಟನ್ನು ತಿಂಗಳಿಗೊಮ್ಮೆ ಕತ್ತರಿಸಿ ತೆಗೆಯಿರಿ. ಪಾಚಿ ಬೆಳೆಯುವುದೇ ಆದರೆ ನಾವು ಹೇಳಿದ ಜಾಗದಲ್ಲಿ ಬೆಳೆಯಲಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1ರ ನಡುವೆ ಬಂದರೆ ನಿಮ್ಮ ಬಗೆಯ ಹವಳಗಳಿಗೆ ಅಷ್ಟು ಸಾಕು.

ಪ್ರಶ್ನೆ: ಕಡಲು ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ದುಬಾರಿ ಉಪ್ಪಿನ ಬದಲು ಸಮುದ್ರದ ನೀರನ್ನೇ ತಂದು ಬದಲಿಸಿದರೆ ಪೋಷಕಾಂಶದ ತೊಂದರೆ ತಪ್ಪುವುದಿಲ್ಲವೇ? ಅಲ್ಲಿಂದಲೇ ಒಂದೆರಡು ಜೀವಂತ ಕಲ್ಲುಗಳನ್ನೂ (ಬ್ಯಾಕ್ಟೀರಿಯಾ ಮೊದಲಾದವು ನೆಲೆಸಿರುವ ಹವಳದ ಕಲ್ಲು) ತರಬಹುದೇ? (ಮಂಗಳೂರಿನ ಓದುಗರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ತರಬಾರದು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ; ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ. ನಮ್ಮ ಕರಾವಳಿಯಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಉಳಿದಿರುವ ಹವಳಗಳು ಬಹಳ ಅಮೂಲ್ಯವಾದವು. ಒಣ ಕಲ್ಲನ್ನು ಕೊಂಡು, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಸಲು ಎರಡು ಮೂರು ತಿಂಗಳು ಕಾಯುವುದೇ ಸರಿಯಾದ ದಾರಿ.

ನೀರಿನ ಮಾತಿಗೆ ಬಂದರೆ, ಹವಳದ ದಿಬ್ಬದ ಸುತ್ತಲಿನ ತಿಳಿನೀರು ಬೇರೆ, ನಿಮ್ಮ ಮನೆಯ ಎದುರಿನ ದಡದ ನೀರು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ತುಂಬಿ ಹರಿದು, ಅಳಿವೆಯ ಆಚೀಚೆ ಉಪ್ಪಿನಂಶ ಇಳಿಯುವುದಲ್ಲದೆ, ಗದ್ದೆ ತೋಟಗಳ ಗೊಬ್ಬರವೂ ಪಟ್ಟಣದ ಕೊಳಚೆಯೂ ಕಡಲಿಗೆ ಸೇರುತ್ತವೆ. ಅದೇ ಕಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರಲ್ಲಿ ನೈಟ್ರೇಟ್ ಹೇರಳ. ಮಳೆಗಾಲದ ಬಳಿಕ ಬೂತಾಯಿ, ಬಂಗುಡೆಯ ಸುಗ್ಗಿಯಾಗುವುದರ ಹಿಂದೆ ಈ ಗೊಬ್ಬರವೂ ಇದೆ. ಮೀನುಗಾರರಿಗೆ ವರವಾದದ್ದು ನಿಮ್ಮ ತೊಟ್ಟಿಗೆ ಹೊರೆ.

ತರಲೇಬೇಕೆಂದಿದ್ದರೆ ಜನವರಿಯಿಂದ ಏಪ್ರಿಲ್‌ವರೆಗಿನ ಶಾಂತ ದಿನಗಳಲ್ಲಿ, ಅಳಿವೆ ಮತ್ತು ಬಂದರಿನಿಂದ ದೂರ, ಸಾಧ್ಯವಾದರೆ ದೋಣಿಯಲ್ಲಿ ಒಳಸಮುದ್ರಕ್ಕೆ ಹೋದವರಿಂದ, ಉಬ್ಬರದ ಹೊತ್ತಿನಲ್ಲಿ ತರಿಸಿ. ನೀರು ಹಸಿರಾಗಿಯೋ ಕೆಂಪಾಗಿಯೋ ಕಂಡರೆ ಆ ದಿನ ಬೇಡ. ತಂದ ನೀರನ್ನು ಸೋಸಿ, ಮುಚ್ಚಿದ ಡ್ರಮ್‌ನಲ್ಲಿ ಎರಡು ಮೂರು ವಾರ ಕತ್ತಲಲ್ಲಿಟ್ಟು, ತಳದ ಗಸಿಯನ್ನು ಕಲಕದೆ ಮೇಲಿನದನ್ನು ಮಾತ್ರ ತೆಗೆದು, ಲವಣಾಂಶ ಸಾವಿರಕ್ಕೆ 35 ಇದೆಯೇ, ನೈಟ್ರೇಟ್ ಮತ್ತು ಫಾಸ್ಫೇಟ್ ಎಷ್ಟಿವೆ ಎಂದು ಪ್ರತಿ ಸಲವೂ ನೋಡಬೇಕು. ಇಷ್ಟು ಮಾಡಲಾಗದಿದ್ದರೆ ಒಳ್ಳೆಯ ಉಪ್ಪು ಮತ್ತು ಸೊನ್ನೆ ಟಿಡಿಎಸ್ ನೀರೇ ಕೊನೆಗೆ ಅಗ್ಗ.

ಪ್ರಶ್ನೆ: ತೊಟ್ಟಿಗೆ ವಿನೆಗರ್ ಅಥವಾ ವೋಡ್ಕಾ ಹಾಕಿದರೆ ನೈಟ್ರೇಟ್ ಸೊನ್ನೆಯಾಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇದು ನಿಜವೇ? ನನ್ನ ತೊಟ್ಟಿಯಲ್ಲಿ ನೈಟ್ರೇಟ್ 50, ಫಾಸ್ಫೇಟ್ 0.02. (ಮೈಸೂರಿನ ಓದುಗರು)

ಉತ್ತರ: ವಿಧಾನ ನಿಜ, ಆದರೆ ನಿಮ್ಮ ತೊಟ್ಟಿಗೆ ಈಗಿನ ಸ್ಥಿತಿಯಲ್ಲಿ ಅದು ಒಗ್ಗುವುದಿಲ್ಲ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ನೈಟ್ರೋಜನ್, ಫಾಸ್ಫರಸ್ ಸಿಕ್ಕಿದರೂ ಇಂಗಾಲ ಸಾಲದೆ ಅವು ವೃದ್ಧಿಯಾಗುವುದಿಲ್ಲ; ವಿನೆಗರ್‌ನ ಅಸಿಟಿಕ್ ಆಮ್ಲವೋ ವೋಡ್ಕಾದ ಎಥೆನಾಲೋ ಆ ಇಂಗಾಲವನ್ನು ಒದಗಿಸುತ್ತದೆ. ಬೆಳೆದ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್ ನೊರೆಯೊಂದಿಗೆ ಹೊರಹಾಕುತ್ತದೆ. ಒಳ್ಳೆಯ ಸ್ಕಿಮ್ಮರ್ ಇಲ್ಲದವರಿಗೆ ಈ ದಾರಿ ಇಲ್ಲ.

ಅಮೆರಿಕದ ಸಾಗರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಸಮುದ್ರದ ತೇಲುಜೀವಿಗಳಲ್ಲಿ ಇಂಗಾಲ, ನೈಟ್ರೋಜನ್ ಮತ್ತು ಫಾಸ್ಫರಸ್ ಪರಮಾಣುಗಳು ಸರಿಸುಮಾರು 106:16:1ರ ಅನುಪಾತದಲ್ಲಿರುತ್ತವೆ ಎಂದು ತೋರಿಸಿದರು. ತೂಕಕ್ಕೆ ತಿರುಗಿಸಿದರೆ, ಈ ಅನುಪಾತದಲ್ಲಿ ಬೆಳೆಯುವ ಜೀವಿಗಳು 10 ಪಿಪಿಎಂ ನೈಟ್ರೇಟ್ ಹೀರಲು ಸುಮಾರು 1 ಪಿಪಿಎಂ ಫಾಸ್ಫೇಟ್ ಬೇಕಾಗುತ್ತದೆ. ತೊಟ್ಟಿಯಲ್ಲಿ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ನಡೆಯದಿದ್ದರೂ, 0.02 ಫಾಸ್ಫೇಟ್ ಇಟ್ಟುಕೊಂಡು 50 ನೈಟ್ರೇಟ್ ಇಳಿಸಲು ಹೊರಟರೆ ಬ್ಯಾಕ್ಟೀರಿಯಾ ನಡುದಾರಿಯಲ್ಲಿ ನಿಂತುಬಿಡುತ್ತದೆ, ಹಾಕಿದ ವಿನೆಗರ್ ನೀರನ್ನು ಮಬ್ಬಾಗಿಸುವುದಕ್ಕಷ್ಟೇ ಒದಗುತ್ತದೆ. ಮೊದಲು ನೀರು ಬದಲಾವಣೆಯಿಂದ ನೈಟ್ರೇಟನ್ನು ಅರ್ಧಕ್ಕಿಳಿಸಿ, ಫಾಸ್ಫೇಟ್ ತೆಗೆಯುವ ಹರಳೇನಾದರೂ ಇದ್ದರೆ ಹೊರತೆಗೆಯಿರಿ; ಫಾಸ್ಫೇಟ್ 0.1ರ ಹತ್ತಿರ ಬರಲಿ.

ಆ ಬಳಿಕ 100 ಲೀಟರ್‌ಗೆ ದಿನಕ್ಕೆ ಒಂದು ಮಿಲಿಲೀಟರ್‌ಗಿಂತ ಕಡಿಮೆ ಬಿಳಿ ವಿನೆಗರ್‌ನಿಂದ ಆರಂಭಿಸಿ, ವಾರಕ್ಕೊಮ್ಮೆ ಮಾತ್ರ ತುಸು ಹೆಚ್ಚಿಸಿ. ಬಣ್ಣ ಅಥವಾ ಸುವಾಸನೆ ಸೇರಿಸಿದ ವಿನೆಗರ್ ಬೇಡ. ವೋಡ್ಕಾ ಇದರ ಸುಮಾರು ಎಂಟು ಪಟ್ಟು ತೀಕ್ಷ್ಣವಾದ್ದರಿಂದ ಅಳತೆಯಲ್ಲಿ ತಪ್ಪುವ ಸಾಧ್ಯತೆ ಹೆಚ್ಚು. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ವಿನೆಗರ್ ಆಮ್ಲವಾದ್ದರಿಂದ ಹಗಲಿನಲ್ಲಿ, ನೀರು ಜೋರಾಗಿ ಹರಿಯುವ ಕಡೆ, ಹನಿಹನಿಯಾಗಿ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಕರೆಂಟ್ ಹೋದಾಗ ಹಾಕಲೇಬೇಡಿ. ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬಳಸುತ್ತಲೇ ಇರುತ್ತದೆ, ಸ್ಕಿಮ್ಮರ್ ನಿಂತಿರುತ್ತದೆ. ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ರಾತ್ರಿ ನಮ್ಮ ಮನೆಯಲ್ಲಿ ಐದು ಗಂಟೆ ಕರೆಂಟ್ ಇರಲಿಲ್ಲ. ಅಂದು ಸಂಜೆ ವಿನೆಗರ್ ಪ್ರಮಾಣವನ್ನು ನಾನು ದುಪ್ಪಟ್ಟು ಮಾಡಿದ್ದೆ. ಬೆಳಗ್ಗೆ ನೀರು ಅಕ್ಕಿ ತೊಳೆದ ನೀರಿನಂತಿತ್ತು, ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು. ಮೂರು ಮೀನುಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಅಂದಿನಿಂದ ಬ್ಯಾಟರಿಯಲ್ಲಿ ನಡೆಯುವ ಒಂದು ಗಾಳಿ ಪಂಪ್ ತೊಟ್ಟಿಯ ಪಕ್ಕದಲ್ಲೇ ಇರುತ್ತದೆ. ನೀವೂ ಮೊದಲು ಅದನ್ನು ಕೊಳ್ಳಿ.

ಪ್ರಶ್ನೆ: ನನ್ನ ತೊಟ್ಟಿಯಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಇಷ್ಟಾದರೂ ಅಕ್ರೊಪೊರಾ ಹವಳಗಳು ಬಿಳಿಚುತ್ತಿವೆ. ಮರಳಿನ ಮೇಲೆ ಗುಳ್ಳೆಗಳಿಂದ ಕೂಡಿದ ಕಂದು ಲೋಳೆ ಸಂಜೆಯ ಹೊತ್ತಿಗೆ ದಟ್ಟವಾಗಿ, ಬೆಳಗ್ಗೆ ಬಹುಪಾಲು ಮಾಯವಾಗಿರುತ್ತದೆ. ಬಸವನಹುಳುಗಳು ಸಾಯುತ್ತಿವೆ. (ದುಬೈನಲ್ಲಿರುವ ಕನ್ನಡಿಗ ಓದುಗರು)

ಉತ್ತರ: ನಿಮ್ಮ ವರ್ಣನೆ ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳತ್ತ ಬೆರಳು ತೋರಿಸುತ್ತದೆ, ಮತ್ತು ಸೊನ್ನೆಯೇ ಅವುಗಳಿಗೆ ಜಾಗ ಮಾಡಿಕೊಟ್ಟಿದೆ. ಸಮುದ್ರದ ಹವಳದ ನೀರಿನಲ್ಲಿ ಕರಗಿದ ಪೋಷಕಾಂಶ ಅತ್ಯಲ್ಪವೆಂಬುದು ನಿಜ. ಆದರೆ ಅಲ್ಲಿ ಹಗಲೂ ರಾತ್ರಿ ತೇಲುಜೀವಿಗಳು ಹರಿದು ಬರುತ್ತಲೇ ಇರುತ್ತವೆ, ಹವಳ ಅವುಗಳನ್ನು ಹಿಡಿದು ತಿನ್ನುತ್ತದೆ. ನಮ್ಮ ತೊಟ್ಟಿಯಲ್ಲಿ ಆ ಊಟವಿಲ್ಲ. ಊಟವೂ ಇಲ್ಲದೆ, ಕರಗಿದ್ದೂ ಇಲ್ಲದೆ ಹೋದರೆ ಹವಳದೊಳಗಿನ ಸಹಜೀವಿ ಪಾಚಿಗಳು ಸೊರಗಿ ಹವಳ ಬಣ್ಣಗೆಡುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ, ನೈಟ್ರೇಟ್ ಇದ್ದು ಫಾಸ್ಫೇಟ್ ಕೊರತೆಯಾದಾಗ ಹವಳಗಳು ಶಾಖ ಮತ್ತು ಬೆಳಕಿಗೆ ಸುಲಭವಾಗಿ ಬಿಳಿಚುತ್ತವೆ ಎಂದು ತೋರಿಸಿದೆ. ನಿಮ್ಮಲ್ಲಿ ಎರಡೂ ಇಲ್ಲ.

ಫಾಸ್ಫೇಟ್ ತೆಗೆಯುವ ಹರಳನ್ನೂ ಇಂಗಾಲ ಹಾಕುವುದನ್ನೂ ಇಂದೇ ನಿಲ್ಲಿಸಿ, ಮೀನಿನ ಆಹಾರ ಹೆಚ್ಚಿಸಿ, ಅಕ್ವೇರಿಯಂಗೆಂದೇ ತಯಾರಿಸಿದ ನೈಟ್ರೇಟ್ ಮತ್ತು ಫಾಸ್ಫೇಟ್ ದ್ರಾವಣಗಳನ್ನು ಅಳತೆ ಮಾಡಿ ಹಾಕುತ್ತ, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.1ರ ಸುಮಾರಿಗೆ ಹಿಡಿದಿಡಿ. ಒಣ ಕಲ್ಲು ಮೊದಮೊದಲು ಫಾಸ್ಫೇಟನ್ನು ಹೀರುವುದರಿಂದ ದಿನವೂ ಪರೀಕ್ಷಿಸಬೇಕಾಗುತ್ತದೆ. ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಆಸ್ಟ್ರಿಯಾಪ್ಸಿಸ್ ಆಗಿದ್ದರೆ ರಾತ್ರಿ ನೀರಿಗೆ ಏಳುವುದರಿಂದ ಯುವಿ ದೀಪ ಅದನ್ನು ಕೊಲ್ಲುತ್ತದೆ. ಮರಳಿನಲ್ಲೇ ಉಳಿಯುವ ಆಂಫಿಡಿನಿಯಂ ಆಗಿದ್ದರೆ ಯುವಿಗೆ ಹಣ ಸುರಿಯಬೇಡಿ. ಬಸವನಹುಳುಗಳು ಸಾಯುತ್ತಿರುವುದು ಈ ಲೋಳೆಯ ವಿಷದಿಂದಿರಬಹುದು, ಹೊಸವನ್ನು ಈಗ ತರಬೇಡಿ. ನೀರು ಬದಲಾವಣೆಯನ್ನೂ ಕೆಲವು ವಾರ ತಡೆಹಿಡಿಯಿರಿ; ಅನೇಕ ತೊಟ್ಟಿಗಳಲ್ಲಿ ಹೊಸ ನೀರು ಬಿದ್ದೊಡನೆ ಲೋಳೆ ಹೆಚ್ಚುವುದನ್ನು ಕಂಡಿದ್ದೇನೆ. ಸ್ವಲ್ಪ ಹಸಿರು ಪಾಚಿ ಗಾಜಿನ ಮೇಲೆ ಕಾಣಿಸಿಕೊಂಡರೆ ಒರೆಸಿ ಹಾಕಲು ಅವಸರಪಡಬೇಡಿ, ನಿಮ್ಮ ತೊಟ್ಟಿಯಲ್ಲಿ ಅದು ಚೇತರಿಕೆಯ ಲಕ್ಷಣ.

ಪ್ರಶ್ನೆ: ಒಂದೇ ನೀರಿಗೆ ಒಂದು ಕಿಟ್ ನೈಟ್ರೇಟ್ 9, ಇನ್ನೊಂದು 40 ತೋರಿಸುತ್ತದೆ. ಯಾವುದನ್ನು ನಂಬಲಿ? (ಹುಬ್ಬಳ್ಳಿಯ ಓದುಗರು)

ಉತ್ತರ: ಬಹುಶಃ ಎರಡೂ ಸರಿಯಾಗಿಯೇ ಇವೆ. ಮೊದಲನೆಯ ಕಿಟ್ ನೈಟ್ರೇಟ್‌ನಲ್ಲಿರುವ ನೈಟ್ರೋಜನ್‌ನ ತೂಕವನ್ನು ಮಾತ್ರ ಹೇಳುತ್ತಿದೆ, ಅದನ್ನು 4.43ರಿಂದ ಗುಣಿಸಿದರೆ ಪೂರ್ಣ ನೈಟ್ರೇಟ್‌ನ ಅಂಕಿ ಬರುತ್ತದೆ, 9ಕ್ಕೆ 40. ಫಾಸ್ಫರಸ್ ಅಳೆಯುವ ಮೀಟರ್‌ಗಳಲ್ಲೂ ಇದೇ ಗೊಂದಲವಿದ್ದು, ಅಲ್ಲಿ 3.07ರಿಂದ ಗುಣಿಸಬೇಕು. ಕಿಟ್‌ನೊಂದಿಗೆ ಬಂದ ಕಾಗದದಲ್ಲಿ ಇದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಿಮ್ಮ ನಿಜವಾದ ಅಂಕಿ 40. ಮೇಲೆ ಬೆಂಗಳೂರಿನ ಓದುಗರಿಗೆ ಹೇಳಿದ್ದನ್ನು ನಿಮ್ಮ ನೀರಿನ ಪರೀಕ್ಷೆಯಿಂದಲೇ ಆರಂಭಿಸಿ.